ರೆಂಬ್ರಾಂಟ್‌ನನ್ನು ಮುಳುಗಿಸಿದ್ದು ‘ನೈಟ್ ವಾಚ್’ ಅಲ್ಲ, ಮನೆ ಸಾಲ

ಪ್ರಶ್ನೆ: ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ ಬಗ್ಗೆ ಎಲ್ಲಿ ಓದಿದರೂ ಒಂದೇ ಕಥೆ ಸಿಗುತ್ತದೆ. ‘ನೈಟ್ ವಾಚ್’ ಚಿತ್ರ ನೋಡಿ ಹಣ ಕೊಟ್ಟವರು ಸಿಟ್ಟಾದರಂತೆ. ಆಮೇಲೆ ಯಾರೂ ಕೆಲಸ ಕೊಡಲಿಲ್ಲವಂತೆ. ಕೊನೆಗೆ ದಿವಾಳಿಯಾಗಿ ಬಡತನದಲ್ಲಿ ಸತ್ತನಂತೆ. ಇದು ನಿಜವಾ? ಹಾಗಿದ್ದರೆ ಇಷ್ಟು ದೊಡ್ಡ ಹೆಸರು ಎಲ್ಲಿಂದ ಬಂತು? ಅವನು ನಮ್ಮ ಮೊಘಲ್ ಚಿತ್ರಗಳನ್ನು ನೋಡಿಕೊಂಡು ಬಿಡಿಸಿದ್ದ ಅಂತಲೂ ಕೇಳಿದ್ದೇನೆ. ಅದೂ ಕಟ್ಟುಕಥೆಯಾ?

ಉತ್ತರ: ಕಥೆಯ ಅರ್ಧ ಭಾಗ ನಿಜ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ, ಮನೆ ಹೋಯಿತು, ಸಾಮಾನೆಲ್ಲ ಹರಾಜಾಯಿತು. ಆದರೆ ‘ನೈಟ್ ವಾಚ್’ ಮುಗಿದದ್ದು 1642ರಲ್ಲಿ. ನಡುವೆ 14 ವರ್ಷ ಇದೆ. ಒಂದು ಚಿತ್ರ ಒಬ್ಬನನ್ನು ಮುಳುಗಿಸಲು ಅಷ್ಟು ದಿನ ತೆಗೆದುಕೊಳ್ಳುವುದಿಲ್ಲ ಅಲ್ವಾ? ಅವನನ್ನು ಮುಳುಗಿಸಿದ್ದು ಕಟ್ಟದೆ ಬಿಟ್ಟ ಮನೆ ಸಾಲ. ಮೊಘಲ್ ಚಿತ್ರಗಳ ವಿಷಯವಂತೂ ಪೂರ್ತಿ ನಿಜ. ಅದು ಈ ದಿವಾಳಿಯ ಕಥೆಗೇ ಬಂದು ಸೇರುತ್ತದೆ, ಹಾಗಾಗಿ ಮೊದಲು ಸಾಲದ ವಿಷಯ ಹೇಳಿಬಿಡುತ್ತೇನೆ.

ಶುರುವಿನ ಬದುಕು ಬೇಗ ಹೇಳಿ ಮುಗಿಸಬಹುದು. 1606ರ ಜುಲೈ 15ರಂದು ಲೈಡನ್ ಊರಿನಲ್ಲಿ ಹುಟ್ಟಿದ. ಅಪ್ಪನದು ಹಿಟ್ಟಿನ ಗಿರಣಿಯಂಥದ್ದೇ ಒಂದು ಗಾಳಿ ಗಿರಣಿ, ಬಿಯರ್‌ಗೆ ಬೇಕಾದ ಮಾಲ್ಟ್ ಅರೆಯುವುದು. ಅಮ್ಮ ಬ್ರೆಡ್ ಮಾಡುವವರ ಮನೆಯ ಮಗಳು. ಹೊಟ್ಟೆಬಟ್ಟೆಗೆ ಕೊರತೆ ಇರಲಿಲ್ಲ. ಹುಡುಗನನ್ನು ಲ್ಯಾಟಿನ್ ಶಾಲೆಗೆ ಹಾಕಿದರು, 14ರ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿದರು. ಅವನಿಗೆ ಬೇಕಿದ್ದದ್ದು ಬಣ್ಣ. ಊರಿನಲ್ಲೇ ಯಾಕೊಬ್ ವಾನ್ ಸ್ವಾನೆನ್‌ಬರ್ಗ್ ಹತ್ತಿರ ಸುಮಾರು 3 ವರ್ಷ ಕಲಿತ. ಆಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೀಟರ್ ಲಾಸ್ಟ್‌ಮನ್ ಹತ್ತಿರ 6 ತಿಂಗಳು. ಕಥೆ ಹೇಳುವ ಚಿತ್ರ ಹೇಗಿರಬೇಕು ಅನ್ನುವುದನ್ನು ಆ 6 ತಿಂಗಳಲ್ಲೇ ಹಿಡಿದುಕೊಂಡ ಅಂತ ನನ್ನ ಅನಿಸಿಕೆ.

1631ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮ್‌ನ ಚಿತ್ರ ವ್ಯಾಪಾರಿ ಹೆಂಡ್ರಿಕ್ ಔಲೆನ್‌ಬರ್ಗ್ ಜೊತೆ ಸೇರಿಕೊಂಡ. 1632ರಲ್ಲಿ ‘ಡಾಕ್ಟರ್ ಟುಲ್ಪ್ ಅವರ ಅಂಗರಚನಾ ಪಾಠ’ ಬಂತು. ಗಲ್ಲಿಗೇರಿಸಿದ ಕಳ್ಳನೊಬ್ಬನ ಹೆಣ ಮಧ್ಯದಲ್ಲಿ, ಸುತ್ತ ಬಗ್ಗಿ ನೋಡುತ್ತಿರುವ ವೈದ್ಯರು. ರೆಂಬ್ರಾಂಟ್‌ಗೆ ಆಗ 26. ಊರೆಲ್ಲ ಮಾತಾಡಿತು. 1634ರಲ್ಲಿ ಆ ವ್ಯಾಪಾರಿಯ ಬಂಧು ಸಾಸ್ಕಿಯಾಳನ್ನು ಮದುವೆಯಾದ. ಅವಳ ತಂದೆ ಲೀವಾರ್ಡೆನ್ ನಗರದ ಮೇಯರ್ ಆಗಿದ್ದವರು. ಹೆಸರಿತ್ತು, ಹೆಂಡತಿ ಕಡೆಯಿಂದ ಆಸ್ತಿಯಿತ್ತು, ಕೈ ತುಂಬ ಕೆಲಸವಿತ್ತು.

1639ರ ಜನವರಿಯಲ್ಲಿ ಅವನು ಒಂದು ಮನೆ ಕೊಂಡ. ಸಿಂಟ್ ಆಂಟೋನಿಸ್‌ಬ್ರೇಸ್ಟ್ರಾಟ್ ಬೀದಿ, ಇವತ್ತಿನ ಯೋಡೆನ್‌ಬ್ರೇಸ್ಟ್ರಾಟ್. ಬೆಲೆ 13,000 ಗಿಲ್ಡರ್ (ಆಗಿನ ಡಚ್ ನಾಣ್ಯ). ಕೈಕೆಲಸ ಬಲ್ಲ ಒಬ್ಬ ಒಳ್ಳೆಯ ಕಾರ್ಮಿಕ ವರ್ಷಪೂರ್ತಿ ದುಡಿದರೆ 300 ಗಿಲ್ಡರ್ ಆಸುಪಾಸು ಸಿಗುತ್ತಿದ್ದ ಕಾಲ ಅದು. ಬೆಲೆಯ ಕಾಲು ಭಾಗ ಮೊದಲ ವರ್ಷದೊಳಗೆ, ಉಳಿದದ್ದು 5-6 ವರ್ಷದಲ್ಲಿ ಕಂತುಕಂತಾಗಿ ಕಟ್ಟುವುದು ಅಂತ ಒಪ್ಪಂದವಾಯಿತು. ಅವನ ಸಂಪಾದನೆಗೆ ಇದೇನು ದೊಡ್ಡ ಭಾರವಲ್ಲ. ಈ ಮನೆಯ ಕಥೆಗೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ‘ನೈಟ್ ವಾಚ್’ ನೋಡಿಬಿಡೋಣ.

ಇದು ಊರು ಕಾಯುವ ನಾಗರಿಕ ಪಡೆಯ ಗುಂಪು ಚಿತ್ರ. ನಾಯಕ ಕ್ಯಾಪ್ಟನ್ ಫ್ರಾನ್ಸ್ ಬಾನಿಂಗ್ ಕಾಕ್, ಪಕ್ಕದಲ್ಲಿ ಲೆಫ್ಟಿನೆಂಟ್ ವಿಲೆಮ್ ವಾನ್ ರೌಟೆನ್‌ಬರ್ಗ್. ಅಂಥ ಚಿತ್ರಗಳಲ್ಲಿ ಎಲ್ಲರೂ ಸಾಲಾಗಿ ನಿಂತು, ಕೂತು, ಮುಖ ತೋರಿಸುವುದು ವಾಡಿಕೆ. ಈಗಿನ ಆಫೀಸ್ ಗ್ರೂಪ್ ಫೋಟೊ ಹಾಗೆ. ರೆಂಬ್ರಾಂಟ್ ಆ ಸಾಲನ್ನೇ ಒಡೆದುಬಿಟ್ಟ. ಒಬ್ಬ ಬಂದೂಕಿಗೆ ಮದ್ದು ತುಂಬುತ್ತಾನೆ, ಇನ್ನೊಬ್ಬ ಹಾರಿಸುತ್ತಾನೆ, ಮತ್ತೊಬ್ಬ ಡೋಲು ಬಡಿಯುತ್ತಾನೆ, ನಾಯಿ ಬೊಗಳುತ್ತದೆ. ಎಲ್ಲರೂ ಈಗತಾನೇ ಹೊರಟಿದ್ದಾರೆ. ಕೆಲವರ ಮುಖ ಅರ್ಧಕ್ಕರ್ಧ ಮರೆಯಾಗಿದೆ. ದುಡ್ಡು ಕೊಟ್ಟು ಅರ್ಧ ಮುಖವಾ ಅಂತ ಜಗಳವಾಯಿತು ಅನ್ನುವ ಕಥೆ ಹುಟ್ಟಿದ್ದು ಇಲ್ಲಿಂದ.

ಆ ಕಾಲದ ಕಾಗದಗಳಲ್ಲಿ ಅಂಥ ಜಗಳದ ಸುಳಿವು ಇಲ್ಲ. ಇರುವ ಸುಳಿವು ಬೇರೆಯದೇ. ಕ್ಯಾಪ್ಟನ್ ಬಾನಿಂಗ್ ಕಾಕ್ ಈ ಚಿತ್ರದ ಒಂದು ಜಲವರ್ಣ ಪ್ರತಿ ಮಾಡಿಸಿ ತನ್ನ ಮನೆತನದ ಆಲ್ಬಮ್‌ನಲ್ಲಿ ಅಂಟಿಸಿಕೊಂಡಿದ್ದ. ಬೇಸರವಾಗಿದ್ದರೆ ಯಾರಾದರೂ ಹಾಗೆ ಮಾಡುತ್ತಾರಾ? ಟೀಕೆ ಇರಲೇ ಇಲ್ಲ ಅಂತಲ್ಲ. ರೆಂಬ್ರಾಂಟ್‌ನ ಶಿಷ್ಯ ಸಾಮುವೆಲ್ ವಾನ್ ಹೂಗ್‌ಸ್ಟ್ರಾಟೆನ್ 1678ರಲ್ಲಿ ಬರೆಯುತ್ತಾ, ಗುರುಗಳು ಒಬ್ಬೊಬ್ಬರ ಮುಖಕ್ಕಿಂತ ಇಡೀ ಚಿತ್ರದ ಕಡೆಗೇ ಜಾಸ್ತಿ ಗಮನ ಕೊಟ್ಟರು ಅಂತ ಗೊಣಗಿದ್ದಾನೆ. ಅದೇ ಉಸಿರಿನಲ್ಲಿ, ಇದರ ಪಕ್ಕ ಬೇರೆ ಗುಂಪು ಚಿತ್ರಗಳು ಇಸ್ಪೀಟ್ ಎಲೆಗಳ ಹಾಗೆ ಕಾಣುತ್ತವೆ ಅಂತಲೂ ಸೇರಿಸಿದ್ದಾನೆ. ಶಿಷ್ಯನ ಗೊಣಗು ಮೆಚ್ಚುಗೆಯಲ್ಲೇ ಮುಗಿಯಿತು.

ಚಿತ್ರದ ಒಂದು ಜಾಗ ಮಾತ್ರ ನೀವು ಹತ್ತಿರದಿಂದ ನೋಡಲೇಬೇಕು. ಕ್ಯಾಪ್ಟನ್ ಎಡಗೈ ಮುಂದಕ್ಕೆ ಚಾಚಿದ್ದಾನೆ. ಆ ಕೈಯ ನೆರಳು ಲೆಫ್ಟಿನೆಂಟ್‌ನ ಹಳದಿ ಅಂಗಿಯ ಮೇಲೆ ಬಿದ್ದಿದೆ. ಅಂಗಿಯ ಅಂಚಿನಲ್ಲಿ ಚಿನ್ನದ ಕಸೂತಿ, ಅದರಲ್ಲಿ ಒಂದು ಪುಟ್ಟ ಸಿಂಹ ಮತ್ತು ಆಮ್‌ಸ್ಟರ್‌ಡ್ಯಾಮ್ ನಗರದ ಲಾಂಛನ. ನೆರಳಿನ ಹೆಬ್ಬೆರಳು, ತೋರುಬೆರಳು ಸರಿಯಾಗಿ ಆ ಲಾಂಛನವನ್ನು ಹಿಡಿದುಕೊಂಡ ಹಾಗಿವೆ. ಊರು ಈ ನಾಯಕನ ಕೈಯಲ್ಲಿದೆ ಅಂತ ಒಂದು ನೆರಳಿನಲ್ಲಿ ಹೇಳಿಬಿಟ್ಟ. ಇಷ್ಟೆಲ್ಲ ಮಾಡಿಸಿಕೊಂಡ ಕ್ಯಾಪ್ಟನ್ ಸಿಟ್ಟಾಗಿದ್ದ ಅಂದರೆ ನಾನಂತೂ ನಂಬುವುದಿಲ್ಲ.

ನೆರಳು ಬೀಳಬೇಕಾದರೆ ಬಿಸಿಲಿರಬೇಕು ತಾನೆ. ಹೌದು, ಇದು ರಾತ್ರಿಯ ಚಿತ್ರವೇ ಅಲ್ಲ. ಮೇಲೆ ಬಳಿದ ವಾರ್ನಿಶ್ ವರ್ಷಗಳು ಕಳೆದಂತೆ ಕಪ್ಪಾಯಿತು, ಕೊಳೆ ಕೂತಿತು. 18ನೇ ಶತಮಾನದ ಕೊನೆಯ ಹೊತ್ತಿಗೆ ಜನ ಇದನ್ನು ರಾತ್ರಿ ಕಾವಲು ಅಂತ ಕರೆಯತೊಡಗಿದರು. ರೆಂಬ್ರಾಂಟ್ ಇಟ್ಟ ಹೆಸರಲ್ಲ ಅದು. ಇನ್ನೊಂದು ಅನ್ಯಾಯವೂ ಆಗಿದೆ. 1715ರಲ್ಲಿ ಚಿತ್ರವನ್ನು ಟೌನ್ ಹಾಲ್‌ಗೆ ಸಾಗಿಸಿದರು. ಅಲ್ಲಿ ಎರಡು ಬಾಗಿಲುಗಳ ನಡುವಿನ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದರು. ಎಡಗಡೆ ಮಾತ್ರ ಸುಮಾರು 60 ಸೆಂಟಿಮೀಟರ್ ಹೋಯಿತು. ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರ ಕತ್ತರಿಸುವ ಮೊದಲೇ ಒಂದು ಚಿಕ್ಕ ಪ್ರತಿ ಮಾಡಿದ್ದ. ಹಾಗಾಗಿ ಏನು ಹೋಯಿತು ಅಂತಾದರೂ ಗೊತ್ತು. 2021ರಲ್ಲಿ, ಚಿತ್ರ ಈಗಿರುವ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನವರು ಆ ಪ್ರತಿಯನ್ನು ಕಂಪ್ಯೂಟರ್‌ಗೆ ಉಣಿಸಿ, ಕಳೆದ ಭಾಗಗಳನ್ನು ರೆಂಬ್ರಾಂಟ್ ಶೈಲಿಯಲ್ಲೇ ಮುದ್ರಿಸಿ ಸುತ್ತ ಜೋಡಿಸಿ ತೋರಿಸಿದರು.

ಈ ಚಿತ್ರಕ್ಕೆ ಸಿಕ್ಕ ಹಣ ಎಷ್ಟು? ಸುಮಾರು 1,600 ಗಿಲ್ಡರ್. ಒಬ್ಬೊಬ್ಬರಿಗೆ ಸರಾಸರಿ 100 ಗಿಲ್ಡರ್, ಮುಂದೆ ನಿಂತವರಿಗೆ ಸ್ವಲ್ಪ ಜಾಸ್ತಿ, ಹಿಂದೆ ನಿಂತವರಿಗೆ ಕಮ್ಮಿ. ಈ ಲೆಕ್ಕ ನಮಗೆ ಗೊತ್ತಾಗಿದ್ದೇ ಒಂದು ತಮಾಷೆ. ದಿವಾಳಿಯಾದ ಮೇಲೆ, ಅಪ್ಪನ ಆಸ್ತಿ ಒಂದು ಕಾಲದಲ್ಲಿ ಎಷ್ಟಿತ್ತು ಅಂತ ಸಾಬೀತು ಮಾಡಲು ಮಗನ ಪರವಾಗಿ ಸಾಕ್ಷಿಗಳನ್ನು ಕರೆದರು. ಚಿತ್ರದಲ್ಲಿದ್ದವರೇ ಬಂದು ತಾವು ಇಷ್ಟಿಷ್ಟು ಕೊಟ್ಟೆವು ಅಂತ ಹೇಳಿಕೆ ಬರೆಸಿದರು. ದುಡ್ಡು ಸರಿಯಾಗಿ ಸಂದಾಯವಾಗಿತ್ತು ಅಂತ ಅದರಿಂದಲೇ ತಿಳಿಯುತ್ತದೆ. ರೆಂಬ್ರಾಂಟ್ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿಗಳು ಹೀಗೆ ದಿವಾಳಿಯ ಕಾಗದಗಳಿಂದಲೇ ಸಿಕ್ಕಿದ್ದು.

1642 ಕೆಟ್ಟ ವರ್ಷ ಅನ್ನುವುದು ಮಾತ್ರ ಸುಳ್ಳಲ್ಲ. ಕಾರಣ ಬೇರೆ. ಆ ಜೂನ್‌ನಲ್ಲಿ ಸಾಸ್ಕಿಯಾ ತೀರಿಕೊಂಡಳು. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಮೂರು ಶಿಶುಗಳಾಗಿಯೇ ಹೋಗಿದ್ದವು. ಉಳಿದವನು ಟೀಟಸ್, ಇನ್ನೂ ಒಂದು ವರ್ಷ ತುಂಬದ ಕೂಸು. ಸಾಸ್ಕಿಯಾ ಉಯಿಲಿನಲ್ಲಿ ತನ್ನ ಪಾಲನ್ನು ಮಗನಿಗೆ ಬರೆದಿದ್ದಳು. ಗಂಡ ಅದನ್ನು ಅನುಭವಿಸಬಹುದು, ಆದರೆ ಮರುಮದುವೆಯಾದರೆ ಆ ಹಕ್ಕು ಹೋಗುತ್ತದೆ. ಈ ಒಂದು ಷರತ್ತು ಮುಂದಿನ 20 ವರ್ಷ ಆ ಮನೆಯವರ ಬದುಕನ್ನೆಲ್ಲ ತಿರುಚಿತು.

ಮಗುವನ್ನು ನೋಡಿಕೊಳ್ಳಲು ಗೀರ್ಟ್ಯ ಡಿರ್ಕ್ಸ್ ಎಂಬ ವಿಧವೆ ಬಂದಳು. ಇಬ್ಬರಿಗೂ ಸಂಬಂಧ ಬೆಳೆಯಿತು. ಸಾಸ್ಕಿಯಾಳ ಒಡವೆಗಳನ್ನು ಅವಳಿಗೆ ಕೊಟ್ಟ. ಆಮೇಲೆ ಮನೆಗೆ ಹೆಂಡ್ರಿಕ್ಯ ಸ್ಟೊಫೆಲ್ಸ್ ಎಂಬ ಕಿರಿಯ ಹೆಣ್ಣು ಬಂದಳು, ಗೀರ್ಟ್ಯ ಬೇಡವಾದಳು. 1649ರಲ್ಲಿ ಗೀರ್ಟ್ಯ, ಮದುವೆಯಾಗುತ್ತೇನೆ ಅಂತ ಮಾತು ಕೊಟ್ಟು ತಪ್ಪಿದ ಅಂತ ದೂರು ಕೊಟ್ಟಳು. ವರ್ಷಕ್ಕೆ 200 ಗಿಲ್ಡರ್ ಕೊಡಬೇಕು ಅಂತ ತೀರ್ಪಾಯಿತು. ಅವಳು ಒಡವೆ ಅಡವಿಟ್ಟಳು ಅಂತ ಗೊತ್ತಾದಾಗ ರೆಂಬ್ರಾಂಟ್ ಅವಳನ್ನು ಗೌಡಾ ಊರಿನ ತಿದ್ದುಪಡಿ ಮನೆಗೆ, ಅಂದರೆ ಹೆಂಗಸರ ಜೈಲಿಗೆ, ಹಾಕಿಸಿದ. 5 ವರ್ಷ ಒಳಗಿದ್ದಳು. ಬಿಡಿಸಲು ಹೊರಟವರನ್ನೂ ಅವನು ತಡೆಯಲು ನೋಡಿದ. ಮನುಷ್ಯನ ಮುಖದಲ್ಲಿ ಅಷ್ಟು ಕರುಣೆ ಕಂಡವನು ಇಷ್ಟು ಕ್ರೂರವಾಗಿ ನಡೆದುಕೊಂಡ. ಚಿತ್ರ ಚೆನ್ನಾಗಿದೆ ಅಂತ ಇದನ್ನು ಮುಚ್ಚಿಡುವುದು ತಪ್ಪು. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಮುಚ್ಚಿಟ್ಟವು ಅಥವಾ ಗೀರ್ಟ್ಯಳನ್ನೇ ಬೈದವು.

ಹೆಂಡ್ರಿಕ್ಯಳನ್ನೂ ಅವನು ಮದುವೆಯಾಗಲಿಲ್ಲ. ಆಗಿದ್ದರೆ ಉಯಿಲಿನ ಪ್ರಕಾರ ಕೈ ಬರಿದಾಗುತ್ತಿತ್ತು. 1654ರಲ್ಲಿ ಅವಳು ಗರ್ಭಿಣಿಯಾದಾಗ ಚರ್ಚಿನವರು ಕರೆಸಿ ಛೀಮಾರಿ ಹಾಕಿದರು. ಛೀಮಾರಿ ಅವಳಿಗೆ ಮಾತ್ರ. ಆ ವರ್ಷ ಹುಟ್ಟಿದ ಮಗಳು ಕಾರ್ನೆಲಿಯಾ.

ಈಗ ಸಾಲಕ್ಕೆ ಬರೋಣ. 1640ರ ದಶಕದಲ್ಲಿ ಕೆಲಸ ನಿಂತಿರಲಿಲ್ಲ. ಆದರೆ ದುಡ್ಡು ನಿಲ್ಲುತ್ತಿರಲಿಲ್ಲ. ರೆಂಬ್ರಾಂಟ್‌ಗೆ ಸಂಗ್ರಹದ ಹುಚ್ಚು. ಹರಾಜುಗಳಿಗೆ ಹೋಗಿ ಮೊದಲ ಕೂಗಿಗೇ ಯಾರೂ ಮುಟ್ಟಲಾಗದಷ್ಟು ಬೆಲೆ ಕೂಗುತ್ತಿದ್ದನಂತೆ. ನಮ್ಮ ಕಸುಬಿಗೆ ಮರ್ಯಾದೆ ಬರಲಿ ಅಂತ ಹಾಗೆ ಮಾಡುತ್ತಿದ್ದ ಅಂತ 17ನೇ ಶತಮಾನದ ಇಟಲಿಯ ಬರಹಗಾರ ಬಾಲ್ಡಿನುಚ್ಚಿ ಬರೆದಿದ್ದಾನೆ. ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವ ಜಾತಿ. ಮನೆಯ ಕಂತು ಮಾತ್ರ ಹಾಗೇ ಉಳಿಯಿತು.

1652ರಲ್ಲಿ ಇಂಗ್ಲೆಂಡ್ ಜೊತೆ ಯುದ್ಧ ಶುರುವಾಯಿತು. ಹಡಗುಗಳು ನಿಂತವು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೈಯಲ್ಲಿ ಕಾಸಾಡುವುದು ಕಮ್ಮಿಯಾಯಿತು. ಮನೆ ಮಾರಿದ್ದ ಕ್ರಿಸ್ಟೊಫೆಲ್ ಥೈಸ್ 1653ರಲ್ಲಿ ಬಾಕಿ ಕೇಳಿದ. ಬಡ್ಡಿ, ತೆರಿಗೆ ಸೇರಿ 8,470 ಗಿಲ್ಡರ್. 14 ವರ್ಷವಾದರೂ ಅಸಲಿನಲ್ಲೇ ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು! ರೆಂಬ್ರಾಂಟ್ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ. ಸಾಲ ತೀರಿಸಲು ಸಾಲ ಮಾಡಿದ. ಕಾರ್ನೆಲಿಸ್ ವಿಟ್ಸೆನ್ ಹತ್ತಿರ 4,180, ಐಸಾಕ್ ವಾನ್ ಹೆರ್ಟ್ಸ್‌ಬೇಕ್ ಹತ್ತಿರ 4,200, ಗೆಳೆಯ ಯಾನ್ ಸಿಕ್ಸ್ ಹತ್ತಿರ 1,000. ಒಬ್ಬ ಸಾಲಗಾರನ ಜಾಗಕ್ಕೆ ಮೂವರು ಬಂದು ನಿಂತರು.

1656ರಲ್ಲಿ ದಾರಿ ಮುಗಿಯಿತು. ಮೇ ತಿಂಗಳಲ್ಲಿ ಮನೆಯನ್ನು ಟೀಟಸ್ ಹೆಸರಿಗೆ ಮಾಡಿಸಲು ನೋಡಿದ. ಸಾಲಗಾರರಿಗೆ ಇದು ಹೇಗೆ ಕಂಡಿರಬೇಕು ಅಂತ ನೀವೇ ಊಹಿಸಿ. ಜುಲೈಯಲ್ಲಿ, ವ್ಯಾಪಾರದಲ್ಲೂ ಸಮುದ್ರದಲ್ಲೂ ನಷ್ಟವಾಗಿದೆ, ನನ್ನ ಆಸ್ತಿಯನ್ನೆಲ್ಲ ಒಪ್ಪಿಸುತ್ತೇನೆ ಅಂತ ಅರ್ಜಿ ಹಾಕಿದ. ಜೈಲು ತಪ್ಪಿಸಿಕೊಳ್ಳುವ ಮರ್ಯಾದೆಯ ದಿವಾಳಿ ಇದು. ಜುಲೈ 25, 26ರಂದು ಗುಮಾಸ್ತರು ಬಂದು ಮನೆಯ ಸಾಮಾನನ್ನೆಲ್ಲ ಪಟ್ಟಿ ಮಾಡಿಕೊಂಡರು.

ನನ್ನನ್ನು ಕೇಳಿದರೆ, ಕಲೆಯ ಚರಿತ್ರೆಯಲ್ಲಿ ಇಷ್ಟು ಒಳ್ಳೆಯ ದಾಖಲೆ ಮತ್ತೊಂದಿಲ್ಲ. 363 ಕಲಮುಗಳು, ಕೋಣೆಯಿಂದ ಕೋಣೆಗೆ. ಅವನ ಸ್ವಂತ ಚಿತ್ರಗಳು, ಇಟಲಿಯ ದೊಡ್ಡವರ ಮುದ್ರಣಗಳು, ಲೂಕಾಸ್ ವಾನ್ ಲೈಡನ್ ಚಿತ್ರಗಳ ಕಟ್ಟು. ರೋಮನ್ ಚಕ್ರವರ್ತಿಗಳ ತಲೆಗಳು, ಜಪಾನಿನ ಶಿರಸ್ತ್ರಾಣ, ಬಿಲ್ಲುಬಾಣ, ವಾದ್ಯಗಳು, ಹವಳ, ಕಪ್ಪೆಚಿಪ್ಪು, ಶಂಖ. ಕೊನೆಗೆ ಒಗೆಯಲು ಹಾಕಿದ್ದ ಬಟ್ಟೆಯನ್ನೂ ಬಿಟ್ಟಿಲ್ಲ. ಅಂಗಿ, ಕರವಸ್ತ್ರ, ಮೇಜಿನ ಹಾಸು ಎಲ್ಲ ಬರೆದುಕೊಂಡಿದ್ದಾರೆ. ಈಗ ಆ ಮನೆ ಮ್ಯೂಸಿಯಂ ಆಗಿದೆ. ಯಾವ ಕೋಣೆಯಲ್ಲಿ ಏನಿಡಬೇಕು ಅಂತ ಅವರು ತಿಳಿದುಕೊಂಡಿದ್ದು ಈ ಪಟ್ಟಿ ನೋಡಿಯೇ.

ಆ ಶಂಖಗಳಲ್ಲಿ ಒಂದನ್ನು ನೀವು ಈಗಲೂ ನೋಡಬಹುದು. 1650ರಲ್ಲಿ ಅವನು ಒಂದು ಶಂಖದ ಎಚ್ಚಿಂಗ್ ಮಾಡಿದ. ಅಂಗೈಯಗಲದ ಕಾಗದ, ಅದರಲ್ಲಿ ಕಪ್ಪುಬಿಳಿ ಚುಕ್ಕೆಗಳ ಒಂದೇ ಒಂದು ಶಂಖ. ಹಿಂದೂ ಮಹಾಸಾಗರದಿಂದ ಶಾಂತ ಸಾಗರದವರೆಗೆ ಸಿಗುವ ಜಾತಿ ಅದು. ಎಚ್ಚಿಂಗ್ ಅಂದರೆ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದುವುದು. ಗೀರಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ಗೀರುಗಳಿಗೆ ಮಸಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತಬೇಕು. ಆಗ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬೀಳುತ್ತದೆ. ಗೊತ್ತಿದ್ದವರು ತಗಡಿನ ಮೇಲೇ ಉಲ್ಟಾ ಬಿಡಿಸುತ್ತಾರೆ. ರೆಂಬ್ರಾಂಟ್ ತನ್ನ ಸಹಿಯನ್ನು ಉಲ್ಟಾ ಬರೆದ, ಮುದ್ರಣದಲ್ಲಿ ಅದು ಸರಿಯಾಗಿ ಬಂತು. ಶಂಖವನ್ನು ಮಾತ್ರ ಕಂಡ ಹಾಗೇ ಬಿಡಿಸಿದ. ಹಾಗಾಗಿ ಅದರ ಸುರುಳಿ ಪ್ರಕೃತಿಯಲ್ಲಿ ಇರದ ದಿಕ್ಕಿಗೆ ಸುತ್ತಿದೆ. ಮರೆತಿದ್ದ ಅಂತ ನನಗೆ ಅನಿಸುವುದಿಲ್ಲ. ಅವನಿಗೆ ಬೇಕಿದ್ದದ್ದು ಶಂಖದ ಹೊಳಪು, ಅದರ ಹಿಂದಿನ ಕತ್ತಲೆ. ಸುರುಳಿ ಎತ್ತ ತಿರುಗಿದರೇನು ಅಂತ ಬಿಟ್ಟಿರಬೇಕು.

ಇದೇ ಪಟ್ಟಿಯಲ್ಲಿ ಕುತೂಹಲದ ಮಿನಿಯೇಚರ್ ಚಿತ್ರಗಳ ಒಂದು ಆಲ್ಬಮ್ ಇದೆ. ಬೇರೆ ಬೇರೆ ಉಡುಪುಗಳ ಮುದ್ರಣಗಳೂ ಅದರ ಜೊತೆಗಿವೆ. ಅವು ಭಾರತದಿಂದ ಬಂದ ಮೊಘಲ್ ಚಿತ್ರಗಳೇ ಇರಬೇಕು ಅಂತ ಅನೇಕ ವಿದ್ವಾಂಸರ ಊಹೆ. ಊಹೆ ಏನೇ ಇರಲಿ, ಅವನು ಅಂಥ ಚಿತ್ರಗಳನ್ನು ಮುಂದಿಟ್ಟುಕೊಂಡು ಬಿಡಿಸಿದ್ದಕ್ಕೆ ಗಟ್ಟಿ ಸಾಕ್ಷಿ ಇದೆ. ಅವನು ಬಿಡಿಸಿದ ಅಂಥ 23 ರೇಖಾಚಿತ್ರಗಳು ಇವತ್ತಿಗೂ ಉಳಿದಿವೆ. 1747ರಲ್ಲಿ ಲಂಡನ್ನಿನ ಒಂದು ಮಾರಾಟದಲ್ಲಿ ರೆಂಬ್ರಾಂಟ್ ಬಿಡಿಸಿದ 25 ಭಾರತೀಯ ಚಿತ್ರಗಳ ಪುಸ್ತಕ ಅಂತಲೇ ನಮೂದಾಗಿದೆ. ಬಿಡಿಸಿದ್ದು ಸುಮಾರು 1656ರಿಂದ 1661ರ ನಡುವೆ. ಅಂದರೆ ಮನೆ ಹರಾಜಿಗೆ ಬಂದ ಹೊತ್ತಿನಲ್ಲೇ.

ಷಹಜಹಾನ್, ಜಹಾಂಗೀರ್, ಮರದ ಕೆಳಗೆ ಕೂತ ನಾಲ್ವರು ಮುಲ್ಲಾಗಳು, ಕುದುರೆ ಸವಾರರು. ಎಲ್ಲ ಏಷ್ಯಾದಿಂದ ಬಂದ ದುಬಾರಿ ಕಾಗದದ ಮೇಲೆ, ತೆಳು ಕಂದು ಮಸಿಯಲ್ಲಿ. ಅವನ ಬೇರೆ ರೇಖಾಚಿತ್ರಗಳು ಬಿರುಸಿನವು, ಸರಸರ ಎಳೆದವು. ಇವು ಹಾಗಲ್ಲ. ಪೇಟದ ಮಡಿಕೆ, ನಡುಪಟ್ಟಿಯ ಗೊಂಡೆ, ಚೂಪು ಪಾದರಕ್ಷೆ, ತೆಳ್ಳನೆಯ ಜಾಮಾದ ಒಳಗಿಂದ ಕಾಣುವ ಕಾಲು, ಎಲ್ಲವನ್ನೂ ತಾಳ್ಮೆಯಿಂದ ಹಿಂಬಾಲಿಸಿದ್ದಾನೆ. ಆದರೆ ಮೂಲದ ಚಿನ್ನ, ನೀಲಿ, ಹೂವಿನ ಅಂಚು ಎಲ್ಲ ಬಿಟ್ಟ. ಅದರ ಬದಲು ಪಾದದ ಹತ್ತಿರ ಒಂದು ಚೂರು ನೆರಳು ಸೇರಿಸಿದ. ಮೊಘಲ್ ಚಿತ್ರದಲ್ಲಿ ತೇಲುವಂತಿದ್ದ ಚಕ್ರವರ್ತಿ ಇಲ್ಲಿ ನೆಲದ ಮೇಲೆ ಭಾರ ಊರಿ ನಿಂತ. ಒಂದು ವಿಚಿತ್ರ ನೋಡಿ, ರೆಂಬ್ರಾಂಟ್‌ನ ಮನೆ ಮಾರಾಟವಾಗಿದ್ದು 1658ರಲ್ಲಿ. ಷಹಜಹಾನ್ ಮಗನ ಕೈಯಲ್ಲಿ ಸಿಂಹಾಸನ ಕಳೆದುಕೊಂಡು ಆಗ್ರಾ ಕೋಟೆಯಲ್ಲಿ ಸೆರೆಯಾಗಿದ್ದೂ ಅದೇ ವರ್ಷ.

ಬರೀ ನಕಲು ಮಾಡಿ ಸುಮ್ನೆ ಇಟ್ಟುಕೊಂಡನಾ? ಇಲ್ಲ. 1656ರ ಒಂದು ಎಚ್ಚಿಂಗ್ ಇದೆ. ಬೈಬಲ್‌ನ ಅಬ್ರಹಾಂ ಮನೆಗೆ ಮೂವರು ದೇವದೂತರು ಅತಿಥಿಗಳಾಗಿ ಬರುವ ಪ್ರಸಂಗ. ಯುರೋಪಿನ ಚಿತ್ರಗಳಲ್ಲಿ ಅವರು ಸಾಮಾನ್ಯವಾಗಿ ಮೇಜಿನ ಮುಂದೆ ಕೂರುತ್ತಾರೆ. ರೆಂಬ್ರಾಂಟ್ ಅವರನ್ನು ಬಾಗಿಲ ಹೊರಗೆ ನೆಲದ ಮೇಲೆ ಹಾಸಿನಲ್ಲಿ ಕೂರಿಸಿದ, ನಡುವೆ ತಟ್ಟೆ, ಪಕ್ಕದಲ್ಲಿ ಹೂಜಿ ಹಿಡಿದು ಬಗ್ಗಿದ ಅಬ್ರಹಾಂ. ಕೂತ ಭಂಗಿ ಆ ನಾಲ್ವರು ಮುಲ್ಲಾಗಳದೇ. ಪೂರ್ವದ ಜನ ನಿಜವಾಗಿ ಹೇಗೆ ಕೂರುತ್ತಾರೆ ಅನ್ನುವುದನ್ನು ಅವನು ಮೊಘಲ್ ಚಿತ್ರದಿಂದ ಕಲಿತ. ಬೈಬಲ್ ಕಥೆಗೆ ಅದೇ ಹೆಚ್ಚು ಸರಿ ಅಂತ ಕಂಡಿರಬೇಕು. ಇನ್ನೊಬ್ಬರ ಕಲೆಯನ್ನು ಬರೀ ವಿಚಿತ್ರ ಅಂತ ನೋಡದೆ, ಅದರಿಂದ ಕೆಲಸ ಕಲಿತ ಬಗೆ ಇದು. ನನಗೆ ಅವನ ಬಗ್ಗೆ ಜಾಸ್ತಿ ಗೌರವ ಬರುವುದು ಇಲ್ಲಿ.

ಕರ್ನಾಟಕದವರಿಗೆ ಅಂತ ಒಂದು ಮಾತು ಸೇರಿಸುತ್ತೇನೆ. ಭಾರತದ ಚಿತ್ರಗಳು ಹಾಲೆಂಡಿಗೆ ಹೋದ ಹಾಗೆ ಹಾಲೆಂಡಿನ ಚಿತ್ರಕಾರರೂ ಇತ್ತ ಬಂದಿದ್ದರು. ಹಾರ್ಲೆಮ್ ಊರಿನ ಕಾರ್ನೆಲಿಸ್ ಹೆಡಾ ಎಂಬುವನು ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಆಸ್ಥಾನ ಚಿತ್ರಕಾರನಾಗಿದ್ದ. ಅವನು ಸತ್ತದ್ದು 1622ರಲ್ಲಿ. ರೆಂಬ್ರಾಂಟ್‌ಗೆ ಆಗಿನ್ನೂ 16 ವರ್ಷ. ಇಬ್ಬರಿಗೂ ಸಂಬಂಧವಿಲ್ಲ. ದಾರಿ ಮಾತ್ರ ಒಂದೇ.

ದಿವಾಳಿಯ ನಂತರ ಏನಾಯಿತು? ಮನೆ 11,218 ಗಿಲ್ಡರ್‌ಗೆ ಹೋಯಿತು, ಕೊಂಡ ಬೆಲೆಗಿಂತ ಕಮ್ಮಿ. ಸಂಗ್ರಹಕ್ಕೂ ಒಳ್ಳೆಯ ಬೆಲೆ ಬರಲಿಲ್ಲ. ಅವರು ರೋಜೆನ್‌ಗ್ರಾಕ್ಟ್ ಕಾಲುವೆ ಬದಿಯ ಬಾಡಿಗೆ ಮನೆಗೆ ಹೋದರು. 1660ರಲ್ಲಿ ಹೆಂಡ್ರಿಕ್ಯ ಮತ್ತು ಟೀಟಸ್ ಸೇರಿ ಒಂದು ಕಂಪನಿ ಮಾಡಿದರು. ರೆಂಬ್ರಾಂಟ್ ಅದರ ನೌಕರ, ಸಂಬಳ ಅಂದರೆ ಊಟ ವಸತಿ. ಅವನು ಬಿಡಿಸುವ ಚಿತ್ರವೆಲ್ಲ ಕಂಪನಿಯದ್ದು, ಹಾಗಾಗಿ ಸಾಲಗಾರರು ಕೈ ಹಾಕುವಂತಿಲ್ಲ. ಈಗಿನ ಲೆಕ್ಕಪರಿಶೋಧಕರೂ ಮೆಚ್ಚುವ ಉಪಾಯ. ಟೀಟಸ್ ಪಾಲಿನ ಮೊಕದ್ದಮೆ ವರ್ಷಗಟ್ಟಲೆ ನಡೆದು 1665ರಲ್ಲಿ ಅವನಿಗೆ 6,952 ಗಿಲ್ಡರ್ ಸಿಕ್ಕಿತು. ಅದಕ್ಕಾಗಿ ಹೆರ್ಟ್ಸ್‌ಬೇಕ್ ತನಗೆ ಬಂದಿದ್ದ ಹಣವನ್ನು ಹಿಂದಿರುಗಿಸಬೇಕಾಯಿತು. ಪಾಪ, ಈ ಕಥೆಯಲ್ಲಿ ಪೂರ್ತಿ ಕೈ ಸುಟ್ಟುಕೊಂಡವನು ಅವನೇ.

ಕೆಲಸ ಕೊಡುವವರು ಇಲ್ಲದೆ ಹೋದರು ಅನ್ನುವುದಕ್ಕೆ ಉತ್ತರವಾಗಿ ಎರಡು ಚಿತ್ರ ಸಾಕು. 1662ರಲ್ಲಿ ಬಟ್ಟೆ ವ್ಯಾಪಾರಿಗಳ ಸಂಘದವರು ತಮ್ಮ ಗುಂಪು ಚಿತ್ರವನ್ನು ಅವನಿಂದಲೇ ಮಾಡಿಸಿಕೊಂಡರು. ಆಮ್‌ಸ್ಟರ್‌ಡ್ಯಾಮ್‌ನ ಹೊಸ ಟೌನ್ ಹಾಲ್‌ಗೂ ಒಂದು ಭಾರೀ ಚಿತ್ರ ಕೊಟ್ಟ. ರೋಮನ್ನರ ವಿರುದ್ಧ ದಂಗೆ ಎದ್ದ ಒಕ್ಕಣ್ಣ ನಾಯಕ ಕ್ಲಾಡಿಯಸ್ ಸಿವಿಲಿಸ್ ಕತ್ತಲಲ್ಲಿ ಕತ್ತಿಗಳ ಮೇಲೆ ಆಣೆ ಹಾಕಿಸುವ ದೃಶ್ಯ. ಬೇರೆಯವರಾಗಿದ್ದರೆ ಒಳ್ಳೆಯ ಕಣ್ಣಿರುವ ಕಡೆಯಿಂದ ಬಿಡಿಸುತ್ತಿದ್ದರು. ಇವನು ಇಂಗಿದ ಕಣ್ಣನ್ನು ಎದುರಿಗೇ ತೋರಿಸಿದ. ಆ ಚಿತ್ರವನ್ನು ಸ್ವಲ್ಪ ಕಾಲ ಮಾತ್ರ ಇಟ್ಟು ಇಳಿಸಿಬಿಟ್ಟರು. ಅವನೇ ಕತ್ತರಿಸಿ ಚಿಕ್ಕದು ಮಾಡಿದ, ಉಳಿದ ತುಂಡು ಈಗ ಸ್ಟಾಕ್‌ಹೋಮ್‌ನಲ್ಲಿದೆ. ತಿರಸ್ಕಾರದ ಕಥೆ ಬೇಕೇ ಬೇಕು ಅನ್ನುವವರು ‘ನೈಟ್ ವಾಚ್’ ಬಿಟ್ಟು ಇದನ್ನು ಹೇಳಬೇಕು.

ಹೆಂಡ್ರಿಕ್ಯ 1663ರಲ್ಲಿ, ಟೀಟಸ್ 1668ರಲ್ಲಿ ತೀರಿಕೊಂಡರು. 1669ರ ಅಕ್ಟೋಬರ್ 4ರಂದು ರೆಂಬ್ರಾಂಟ್ ಹೋದ. ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ ಹೆಸರಿಲ್ಲದ ಗೋರಿ. ಬಡವನಾಗಿಯೇ ಸತ್ತ, ನಿಜ. ಮರೆತುಹೋದವನಾಗಿ ಸಾಯಲಿಲ್ಲ. ಸಿಸಿಲಿಯ ಶ್ರೀಮಂತ ಆಂಟೋನಿಯೊ ರುಫೊ ಅಷ್ಟು ದೂರದಿಂದ ಒಂದಾದ ಮೇಲೊಂದು ಚಿತ್ರ ತರಿಸಿಕೊಳ್ಳುತ್ತಿದ್ದ.

ಕೊನೆಯ ವರ್ಷಗಳಲ್ಲೇ ಅವನ ಬಣ್ಣ ಎಲ್ಲಕ್ಕಿಂತ ಧೈರ್ಯದ್ದು. ‘ಯಹೂದಿ ವಧು’ ಚಿತ್ರದಲ್ಲಿ ಗಂಡಸಿನ ತೋಳು ನೋಡಿ. ಬಂಗಾರದ ಬಟ್ಟೆಯನ್ನು ಬಿಡಿಸಿಲ್ಲ, ಬಣ್ಣವನ್ನು ಗಾರೆಯ ಹಾಗೆ ಮೆತ್ತಿ ಕಟ್ಟಿದ್ದಾನೆ. ಬೆಳಕು ಆ ಉಬ್ಬುಗಳ ಮೇಲೆ ನಿಜವಾಗಿಯೇ ಬಿದ್ದು ಹೊಳೆಯುತ್ತದೆ. ಇಷ್ಟು ದಪ್ಪ ಬಣ್ಣ ಜಾರದೆ ನಿಂತಿದ್ದು ಹೇಗೆ? ಅವನ ಬೇರೆ ಕೆಲವು ಚಿತ್ರಗಳ ದಪ್ಪ ಬಣ್ಣದ ಕಣಗಳನ್ನು ಪರೀಕ್ಷಿಸಿದವರಿಗೆ 2019ರಲ್ಲಿ ಪ್ಲಂಬೊನಾಕ್ರೈಟ್ ಎಂಬ ಅಪರೂಪದ ಸೀಸದ ಸಂಯುಕ್ತ ಸಿಕ್ಕಿತು. ಎಣ್ಣೆಗೇ ಸೀಸದ ಆಕ್ಸೈಡ್ ಬೆರೆಸಿ ಬಣ್ಣವನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದ ಅನ್ನುವುದಕ್ಕೆ ಅದು ಸುಳಿವು. 1885ರಲ್ಲಿ ವ್ಯಾನ್ ಗಾಗ್ ಈ ಚಿತ್ರದ ಮುಂದೆ ಕೂತು ಏಳಲೇ ಒಲ್ಲೆ ಅಂದನಂತೆ. ಒಣ ಬ್ರೆಡ್ ತಿಂದುಕೊಂಡು ಹದಿನಾಲ್ಕು ದಿನ ಇಲ್ಲೇ ಕೂರಲು ಬಿಟ್ಟರೆ ಆಯುಸ್ಸಿನ ಹತ್ತು ವರ್ಷ ಕೊಡುತ್ತೇನೆ ಅಂತ ಹೇಳಿದ್ದನ್ನು ಜೊತೆಗಿದ್ದ ಗೆಳೆಯ ನೆನಪಿಸಿಕೊಂಡಿದ್ದಾನೆ.

ಹೆಸರು ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಒಂದು ಕಾರಣ ಎಚ್ಚಿಂಗ್‌ಗಳು. ಸುಮಾರು 300 ಇವೆ. ತೈಲಚಿತ್ರ ಒಬ್ಬರ ಗೋಡೆಯ ಮೇಲೆ ಇರುತ್ತದೆ, ಮುದ್ರಣ ಊರೂರು ಸುತ್ತುತ್ತದೆ. ಅವನು ಬದುಕಿದ್ದಾಗಲೇ ಅವು ಯುರೋಪೆಲ್ಲ ಹರಡಿದ್ದವು. ಇನ್ನೊಂದು ಕಾರಣ ಶಿಷ್ಯರು. ಗೆರಿಟ್ ದೌ, ಫರ್ಡಿನಾಂಡ್ ಬೋಲ್, ಗೋವರ್ಟ್ ಫ್ಲಿಂಕ್, ಕಾರೆಲ್ ಫಾಬ್ರಿಟಿಯಸ್, ಇನ್ನೂ ಎಷ್ಟೋ ಜನ. ಅವರೆಲ್ಲ ಗುರುವಿನ ಶೈಲಿಯಲ್ಲೇ ಬಿಡಿಸಿದ್ದರಿಂದ ಮುಂದೆ ದೊಡ್ಡ ಗೋಜಲಾಯಿತು. 1935ರ ಪಟ್ಟಿಯೊಂದರಲ್ಲಿ ರೆಂಬ್ರಾಂಟ್ ತೈಲಚಿತ್ರಗಳು 600ಕ್ಕೂ ಹೆಚ್ಚಿದ್ದವು. 1968ರಲ್ಲಿ ಡಚ್ ವಿದ್ವಾಂಸರು ಸೇರಿ ರೆಂಬ್ರಾಂಟ್ ಸಂಶೋಧನಾ ಯೋಜನೆ ಶುರು ಮಾಡಿ ಒಂದೊಂದನ್ನೂ ಪರೀಕ್ಷಿಸಿದರು. ಸಂಖ್ಯೆ ಅರ್ಧದ ಹತ್ತಿರಕ್ಕೆ ಇಳಿಯಿತು. ಬರ್ಲಿನ್‌ನ ‘ಚಿನ್ನದ ಶಿರಸ್ತ್ರಾಣದ ಮನುಷ್ಯ’ ಎಲ್ಲರ ಅಚ್ಚುಮೆಚ್ಚಿನ ರೆಂಬ್ರಾಂಟ್ ಆಗಿತ್ತು. 1980ರ ದಶಕದಲ್ಲಿ ಅದು ಅವನದಲ್ಲ ಅಂತ ತೀರ್ಮಾನವಾಯಿತು. ಚಿತ್ರ ಮೊದಲಿನಷ್ಟೇ ಚೆನ್ನಾಗಿದೆ, ಅದರ ಮುಂದೆ ನಿಲ್ಲುವ ಜನ ಕಮ್ಮಿಯಾದರು ಅಷ್ಟೆ.

ಇನ್ನು ಇವನ್ನೆಲ್ಲ ನೋಡಲು ಟಿಕೆಟ್ ತೆಗೆಯಬೇಕಿಲ್ಲ. ರೈಕ್ಸ್‌ಮ್ಯೂಸಿಯಂನವರು 2022ರಲ್ಲಿ ‘ನೈಟ್ ವಾಚ್’ನ 717 ಗಿಗಾಪಿಕ್ಸೆಲ್ ಫೋಟೊವನ್ನು ಜಾಲತಾಣದಲ್ಲಿ ಹಾಕಿದ್ದಾರೆ, ಉಚಿತ. ಮೊಬೈಲ್ ಬೇಡ, ದೊಡ್ಡ ಪರದೆಯಲ್ಲಿ ತೆಗೆಯಿರಿ. ಮೊದಲು ಆ ಕೈಯ ನೆರಳಿಗೆ ಹೋಗಿ. ಅಲ್ಲಿಂದ ಎಡಕ್ಕೆ ಬಂದರೆ ಚಿನ್ನದ ಬಣ್ಣದ ಉಡುಪಿನ ಪುಟ್ಟ ಹುಡುಗಿ ಸಿಗುತ್ತಾಳೆ, ಸೊಂಟದಲ್ಲಿ ಸತ್ತ ಕೋಳಿ ತಲೆಕೆಳಗಾಗಿ ನೇತಾಡುತ್ತಿದೆ. ಅದರ ಉಗುರುಗಳೇ ಈ ಪಡೆಯ ಗುರುತು. ನಾಲ್ವರು ಮುಲ್ಲಾಗಳ ರೇಖಾಚಿತ್ರ ಬ್ರಿಟಿಷ್ ಮ್ಯೂಸಿಯಂನ ಜಾಲತಾಣದಲ್ಲಿದೆ. ಅದರ ಪಕ್ಕದ ಕಿಟಕಿಯಲ್ಲಿ ಅಬ್ರಹಾಂ ಎಚ್ಚಿಂಗ್ ತೆರೆದಿಟ್ಟು ಎರಡನ್ನೂ ಹೋಲಿಸಿ ನೋಡಿ. ಎಚ್ಚಿಂಗ್‌ನಲ್ಲಿ ಹಿಂದೆ ಒಬ್ಬ ಹುಡುಗ ಬೆನ್ನು ತಿರುಗಿಸಿ ಬಿಲ್ಲು ಹಿಡಿದಿದ್ದಾನೆ, ಬಾಗಿಲ ಸಂದಿಯಲ್ಲಿ ಅಬ್ರಹಾಂನ ಹೆಂಡತಿ ಸಾರಾ ಇಣುಕುತ್ತಿದ್ದಾಳೆ. ಅವರಿಬ್ಬರೂ ಮೊಘಲ್ ಚಿತ್ರದಿಂದ ಬಂದವರಲ್ಲ, ರೆಂಬ್ರಾಂಟ್ ತಾನೇ ಸೇರಿಸಿದ್ದು.